ಪಿಕಪ್ ನಡುಕದ ಮೂಲ ತೋರಿಸಿಕೊಟ್ಟವರಿಗೆ

ಹೆಸರೂ ಹೇಳದೆ ಹೋದ ಮೆಕ್ಯಾನಿಕ್ ಅವರೇ, ಹೃತ್ಪೂರ್ವಕ ಧನ್ಯವಾದ. ನನ್ನ ಪಿಕಪ್ ಗಾಡಿ ಓಡುವಾಗ ನಡುಗುತ್ತಿತ್ತು, ಕಾರಣ ತಿಳಿದಿರಲಿಲ್ಲ. ನಡುಕ ಬರುವ ವೇಗದಲ್ಲೇ, ಖಾಲಿ ರಸ್ತೆಯಲ್ಲಿ, ನ್ಯೂಟ್ರಲ್‌ಗೆ ಹಾಕಿ ನೋಡಿ ಎಂದಿರಿ: ಆರ್‌ಪಿಎಂ (ಇಂಜಿನ್ ಸುತ್ತುವ ವೇಗ) ಇಳಿದರೂ ನಡುಕ ಉಳಿದರೆ ಇಂಜಿನ್ ಕಾರಣವಲ್ಲ. ಡಿಫರೆನ್ಷಿಯಲ್ (ಹಿಂಬದಿ ಚಕ್ರಗಳ ನಡುವಿನ ಗೇರ್ ಪೆಟ್ಟಿಗೆ) ಅನುಪಾತ 4:1 ಇದ್ದರೆ ಚಕ್ರದ ಒಂದು ಸುತ್ತಿಗೆ ಅದಕ್ಕೆ ಶಕ್ತಿ ಒಯ್ಯುವ ಉದ್ದ ದಂಡ, ಅಂದರೆ ಪ್ರೊಪೆಲ್ಲರ್ ಶಾಫ್ಟ್, 4 ಸುತ್ತು ಹಾಕುತ್ತದೆ. ಹಾಗಾಗಿ ಸೀಟಿನಡಿಯ ಬಿರುಸಾದ ಝುಂ ಹೆಚ್ಚಾಗಿ ಶಾಫ್ಟಿನದು, ಸ್ಟೇರಿಂಗಿನ ನಿಧಾನ ಅಲುಗಾಟ ಚಕ್ರದ್ದು. ಈ ಲೆಕ್ಕವೊಂದೇ ಎಷ್ಟೋ ಬಿಡಿಭಾಗಗಳ ದಂಡ ಖರ್ಚು ಉಳಿಸುತ್ತದೆ!

ಲೋಡ್ ಬಿದ್ದು ಲೀಫ್ ಸ್ಪ್ರಿಂಗ್ ಕುಗ್ಗಿದರೆ ಶಾಫ್ಟಿನ ಕೋನ ಬದಲಾಗುತ್ತದೆ; ನಡುಕ ಬಂದು ಹೋಗಲು ಅದೂ ಕಾರಣ. ಶಾಫ್ಟ್ ಬಿಚ್ಚುವ ಮೊದಲು, ಮತ್ತೆ ಅದೇ ಸ್ಥಾನದಲ್ಲಿ ಕೂರಿಸಲೆಂದು, ಅದನ್ನು ಬೋಲ್ಟ್ ಹಾಕಿ ಜೋಡಿಸುವ ಫ್ಲೇಂಜ್‌ಗಳಿಗೆ ಗುರುತು ಹಾಕಿಸಿದಿರಿ. ಶಾಫ್ಟಿನ ತುದಿಯಲ್ಲಿ ಬಾಗುವ ಕೀಲಾದ ಯೂನಿವರ್ಸಲ್ ಜಾಯಿಂಟನ್ನು ಕೈಯಲ್ಲೇ ಎರಡೂ ದಿಕ್ಕಿಗೆ ಬಾಗಿಸಿ ತೋರಿಸಿದಿರಿ: ಲೂಸ್ ಇಲ್ಲದಿದ್ದರೂ ಒಂದೆಡೆ ಬಿಗಿ ಹಿಡಿಯುತ್ತಿತ್ತು, ಅದರ ಬೇರಿಂಗ್ ಕೂರುವ ಬಟ್ಟಲಿನ (ಕಪ್) ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ. ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ಸವೆದಿತ್ತು. ಹಾಗಾದಾಗ ಗ್ರೀಸ್ ತುಂಬಿದರೆ ಸಾಲದು, ಜಾಯಿಂಟನ್ನೇ ಬದಲಿಸಬೇಕು.