ಈ ಭಾನುವಾರದ ಓದು: ಆಮೋಸ 5 ಮತ್ತು 6

ಎಲ್ಲರಿಗೂ ನಮಸ್ಕಾರ. ಈ ವಾರ ಹಾಡಿನ ವಿಷಯ. ಬರುವ ಮುಂಚೆ ಬೈಬಲಿನ 1 ಪೂರ್ವಕಾಲವೃತ್ತಾಂತ 25ನೇ ಅಧ್ಯಾಯವನ್ನು ಒಮ್ಮೆ ಓದಿಕೊಳ್ಳಿ. ಹೆಸರುಗಳ ಪಟ್ಟಿ ಜಾಸ್ತಿ ಇದೆ, ಬೇಸರವಾದರೆ ಬಿಟ್ಟು ಮುಂದೆ ಹೋಗಿ. ಲೆಕ್ಕ ಮಾತ್ರ ನೋಡಿ: ದಾವೀದ ಅರಸ ಆರಾಧನೆಯ ಹಾಡಿಗೆಂದೇ ನೇಮಿಸಿದ 288 ಜನ, 12 ಜನರಂತೆ 24 ತಂಡ. ಕೈಯಲ್ಲಿ ಕಿನ್ನೋರ್, ನೇವೆಲ್ ಎಂಬ ತಂತಿವಾದ್ಯಗಳು, ತಾಳ.

ಆಮೇಲೆ ಪ್ರವಾದಿ ಆಮೋಸನ ಪುಸ್ತಕದ 6ನೇ ಅಧ್ಯಾಯಕ್ಕೆ ಬನ್ನಿ. ಅಲ್ಲೂ ಅದೇ ನೇವೆಲ್! ಆದರೆ ನುಡಿಸುವ ಸಿರಿವಂತರು ದಂತದ ಮಂಚದ ಮೇಲೆ ಒರಗಿದ್ದಾರೆ. ಎಳೆ ಕುರಿ, ಕೊಟ್ಟಿಗೆಯ ಕರು ತಿಂದು, ಬಟ್ಟಲುಗಟ್ಟಲೆ ದ್ರಾಕ್ಷಾರಸ ಕುಡಿಯುತ್ತಿದ್ದಾರೆ. ತಾವೂ ದಾವೀದನ ಹಾಗೆ ಅಂದುಕೊಂಡಿದ್ದಾರೆ. ನನಗೆ ಇದು ಸರಿಯಾದ ಚುಚ್ಚುಮಾತು ಅನಿಸುತ್ತದೆ. ದಂತದ ಮಾತು ಸುಮ್ನೆ ಅಲ್ಲ. ಆಗಿನ ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಅಗೆದಾಗ ಕೆತ್ತಿದ ದಂತದ ತುಂಡುಗಳು ನಿಜವಾಗಿ ಸಿಕ್ಕಿವೆ.

ಹಾಗಾದರೆ ತಪ್ಪು ವಾದ್ಯದ್ದಲ್ಲ, ಅಲ್ವಾ? ನಾಡು ಹಾಳಾಗುತ್ತಿದ್ದರೂ ಇವರಿಗೆ ಚಿಂತೆಯಿಲ್ಲ ಎಂಬುದೇ ಕುರಿ ಕಾಯುತ್ತಿದ್ದ ಆಮೋಸನ ಸಿಟ್ಟು.

ಆದರೆ ಆಮೋಸ 5:23 ನಮ್ಮಂಥ ಹಾಡುವವರಿಗೆ ಇನ್ನೂ ಕಷ್ಟ. ಅಲ್ಲಿ ದೇವರು ಬೇಡ ಅನ್ನುವುದು ಔತಣದ ಹಾಡನ್ನಲ್ಲ, ಹಬ್ಬದ ಆರಾಧನೆಯ ಹಾಡನ್ನೇ. ಬಡವರನ್ನು ತುಳಿದು ಬಂದು ಹಾಡಿದರೆ ಅದು ಬರೀ ಗದ್ದಲ.

ಚರ್ಚೆ ಇಲ್ಲಿಂದಲೇ ಶುರು ಮಾಡೋಣ. ಗಿಟಾರ್ ಬೇಕೋ ಬೇಡವೋ ಎಂಬ ಹಳೇ ಜಗಳ ದಯವಿಟ್ಟು ಬೇಡ.