ಎರಡು ಸಲ ಒತ್ತಿದರೆ ಹಿಡಿಯುವ ಬ್ರೇಕು

ಚಿರಂಜೀವಿ ತಮ್ಮನಿಗೆ ಹುಬ್ಬಳ್ಳಿಯಿಂದ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಹಳೆಯ ಇಂಪಲ್ಸ್ ಬೈಕಿನ ಹೆಡ್‌ಲೈಟ್ ಮಂಕಾಗುವುದು, ಬೆಳಿಗ್ಗೆ ಸೆಲ್ಫ್ ಎತ್ತದಿರುವುದು, ಫ್ಯೂಸು ಮೇಲಿಂದ ಮೇಲೆ ಹೋಗುವುದು ಇವನ್ನೆಲ್ಲ ಪುಟಗಟ್ಟಲೆ ಬರೆದಿದ್ದೀ. ಆದರೆ ಕೊನೆಗೆ ಒಂದೇ ಸಾಲಿನಲ್ಲಿ, ಕಪ್ಪತಗುಡ್ಡದ ಕಡೆಯ ಇಳಿಜಾರಿನಲ್ಲಿ ಮುಂದಿನ ಬ್ರೇಕಿನ ಲಿವರ್ ಒಮ್ಮೊಮ್ಮೆ ಹಿಡಿಕೆಗೆ ಬಂದು ತಾಗುತ್ತದೆ, ಎರಡು ಸಲ ಒತ್ತಿದರೆ ಸರಿಹೋಗುತ್ತದೆ ಎಂದು ಹೇಳಿ ಮುಗಿಸಿಬಿಟ್ಟಿದ್ದೀ. ಆ ಸಾಲನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಲಿವರ್ ಹೋಗುತ್ತದೆ ಎಂಬುದಕ್ಕಿಂತ, ಅದು ತಿರುಗಿ ಬರುತ್ತದೆಂದು ನೀನು ನೆಚ್ಚಿಕೊಂಡಿರುವುದೇ ನನ್ನನ್ನು ಹೆದರಿಸುತ್ತದೆ. ಪೂರ್ತಿ ಕೆಟ್ಟ ಬ್ರೇಕಿನ ಗಾಡಿಯನ್ನು ಯಾರೂ ಮನೆಯಿಂದ ಹೊರಗೆ ತೆಗೆಯುವುದಿಲ್ಲ. ಆಗಾಗ ಕೈಕೊಟ್ಟು ಮತ್ತೆ ಹಿಡಿಯುವ ಬ್ರೇಕಿಗೆ ಮಾತ್ರ ಕೈ ಒಗ್ಗಿಹೋಗುತ್ತದೆ, ಒಗ್ಗಿದ ಮೇಲೆ ಅದು ದೋಷವೆಂದೇ ಅನ್ನಿಸುವುದಿಲ್ಲ.

ನಿನ್ನ ದೊಡ್ಡಪ್ಪನ ಸಂಗತಿ ಮನೆಯವರಿಗೆಲ್ಲ ತಿಳಿದದ್ದೇ, ಇಲ್ಲಿ ಮತ್ತೆ ಬರೆಯುವುದಿಲ್ಲ. ನಿಮಗೆ ತಿಳಿಯದ ಮಾತು ಒಂದಿದೆ. ಅವನ ರಾಜದೂತಕ್ಕೆ ಎರಡೂ ಡ್ರಮ್ ಬ್ರೇಕು. ಬೆಣ್ಣೆಹಳ್ಳದ ನೀರಿನಲ್ಲಿ ಹಾಯ್ದು ಬಂದರೆ ಡ್ರಮ್ಮಿನೊಳಗೆ ನೀರು ಸೇರಿ ಬ್ರೇಕು ಜಾರುತ್ತಿತ್ತು, ಒತ್ತಿ ಒತ್ತಿ ಒಣಗಿಸಿದರೆ ಹಿಡಿಯುತ್ತಿತ್ತು. "ಎರಡ ಸಲ ಒತ್ತಿದರ ಹಿಡಿತೈತಿ ಬಿಡೋ" ಎಂದು ಅಣ್ಣ ನಗುತ್ತ ಹೇಳಿದ್ದನ್ನು ನಾನು ಅಂಗಳದಲ್ಲಿ ನಿಂತು ಕೇಳಿದ್ದೆ. ಹಗಲೆಲ್ಲ ರೈಲ್ವೆ ವರ್ಕ್‌ಶಾಪಿನಲ್ಲಿ ಬ್ರೇಕುಗಳನ್ನೇ ಬಿಚ್ಚಿ ಜೋಡಿಸುತ್ತಿದ್ದವನು ನಾನು, ಆದರೂ ಹಿರಿಯನಿಗೆ ಎದುರು ಮಾತಾಡಬಾರದೆಂದು ಸುಮ್ಮನಿದ್ದೆ. ಅಂದಿನ ಆ ಮೌನ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ರೈಲಿನ ಬ್ರೇಕಿನ ರೀತಿಯೇ ಬೇರೆ. ಬೋಗಿಗಳ ನಡುವಿನ ಹೋಸ್ ಕಿತ್ತುಹೋದರೆ ಬ್ರೇಕು ತಾನೇ ಬಿದ್ದು ಗಾಡಿ ನಿಲ್ಲುತ್ತದೆ. ನಿನ್ನ ಬೈಕಿನಲ್ಲಿ ಇದಕ್ಕೆ ತಿರುವುಮುರುವು, ಅಲ್ಲಿ ಲಿವರಿನ ಒತ್ತನ್ನು ಪ್ಯಾಡಿಗೆ ಮುಟ್ಟಿಸುವ ಎಣ್ಣೆ ಸೋರಿದರೂ ಗಾಳಿ ಹೊಕ್ಕರೂ ಬ್ರೇಕು ಇಲ್ಲವಾಗುತ್ತದೆ. ಆದ್ದರಿಂದ ಮೊದಲು ಗಾಡಿಯನ್ನು ನಿಲ್ಲಿಸಿ ಲಿವರನ್ನು ಗಟ್ಟಿಯಾಗಿ ಒತ್ತಿ ಹಾಗೆಯೇ ಹಿಡಿದು ನೋಡು. ಹೊರಗೆಲ್ಲೂ ಸೋರದೆ ಅದು ಮೆಲ್ಲಗೆ ಒಳಗೆ ಇಳಿಯುತ್ತ ಹೋದರೆ ಲಿವರಿನ ಬುಡದಲ್ಲಿ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿರಬಹುದು. ಮೆತ್ತಗಿದ್ದು, ಪಂಪು ಮಾಡಿದಂತೆ ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಇದ್ದೀತು. ಉದ್ದನೆಯ ಇಳಿಜಾರು ಇಳಿದ ಮೇಲಷ್ಟೇ ಹೀಗಾಗುತ್ತದೆ ಎಂದಾದರೆ ನನ್ನ ಸಂಶಯ ಬ್ರೇಕ್ ಆಯಿಲ್ ಮೇಲೆಯೇ. ಅದು ಗಾಳಿಯಲ್ಲಿನ ತೇವವನ್ನು ಹೀರುವ ವಸ್ತು. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ, ಲಿವರ್ ಆ ಗುಳ್ಳೆಗಳನ್ನು ಹಿಚುಕುತ್ತದೆಯೇ ಹೊರತು ಪ್ಯಾಡನ್ನು ಒತ್ತುವುದಿಲ್ಲ. ಗಾಡಿ ತಣ್ಣಗಾದ ಮೇಲೆ ಎಲ್ಲವೂ ಸರಿಯಿದ್ದಂತೆಯೇ ಕಾಣುವುದರಿಂದ, ಮೆಕ್ಯಾನಿಕ್ ಏನೂ ಆಗಿಲ್ಲವೆಂದು ನಿನ್ನನ್ನು ಕಳಿಸಿಬಿಡುತ್ತಾನೆ.

ಕುದಿಯುವಷ್ಟು ಕಾವು ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ನಮ್ಮ ಎರೆಮಣ್ಣು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನುಗಳ ಸುತ್ತ ಮೆತ್ತಿ, ಒಣಗಿದರೆ ಇಟ್ಟಿಗೆಯಂತಾಗುತ್ತದೆ. ಆಗ ಕೈ ಬಿಟ್ಟರೂ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಮುಂದಿನ ಗಾಲಿಯನ್ನೆತ್ತಿ ಕೈಯಿಂದ ತಿರುಗಿಸಿದರೆ ಇದು ತಿಳಿಯುತ್ತದೆ.

ಕರೆಂಟಿನ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆ, ಹೇಳಿದ್ದನ್ನು ಅಷ್ಟಕ್ಕೇ ತೆಗೆದುಕೋ. ಮಲ್ಟಿಮೀಟರಿನಲ್ಲಿ ಬ್ಯಾಟರಿ ಎಂಜಿನ್ ಬಂದ್ ಇದ್ದಾಗ 12.6 ವೋಲ್ಟಿನ ಆಸುಪಾಸು, ಎಂಜಿನ್ ಏರಿಸಿದಾಗ 13.5ರಿಂದ 14.5 ತೋರಿಸಬೇಕು. ಏರದಿದ್ದರೆ ಮೊದಲು ಕನೆಕ್ಟರುಗಳನ್ನೂ ಅರ್ಥಿಂಗನ್ನೂ ಉಜ್ಜಿ ನೋಡಿ, ಆಮೇಲೆ ಚಾರ್ಜಿಂಗ್ ಹದದಲ್ಲಿಡುವ ಆರ್‌ಆರ್ ಯೂನಿಟ್ಟಿಗೆ, ಕರೆಂಟು ಹುಟ್ಟಿಸುವ ಕಾಯಿಲಿಗೆ ಹೋಗು. ಫ್ಯೂಸಿನ ಜಾಗದಲ್ಲಿ ವೈರಿನ ಎಳೆ ಸುತ್ತುವ ಚಾಳಿ ನಿನಗೆ ಬೇಡ. ಕೀಲಿ ಆನ್ ಮಾಡಿ ಹ್ಯಾಂಡಲನ್ನು ಆ ಕಡೆ ಈ ಕಡೆ ತಿರುಗಿಸಿದಾಗ ದೀಪ ಮಿನುಗಿದರೆ ಕುತ್ತಿಗೆಯ ಹತ್ತಿರ ವೈರು ತೀಡಿರುತ್ತದೆ, ಫ್ಯೂಸು ಹೋಗುವುದೂ ಅದರಿಂದಲೇ ಇದ್ದೀತು. ಇನ್ನೊಂದು, ಮುಂದಿನ ಲಿವರನ್ನು ಬಿಟ್ಟ ಮೇಲೂ ಹಿಂದಿನ ಕೆಂಪು ದೀಪ ಆರದಿದ್ದರೆ ಸ್ವಿಚ್ಚು ಅಂಟಿರಬೇಕು, ಇಲ್ಲವೆ ಲಿವರ್ ಪೂರ್ತಿ ಹಿಂದಕ್ಕೆ ಬಂದಿರಲಿಕ್ಕಿಲ್ಲ. ಲಿವರ್ ಹಿಂದಿರುಗದಿದ್ದರೆ ಬ್ರೇಕು ಒತ್ತಿದಂತೆಯೇ ಉಳಿದು ಡಿಸ್ಕು ಕಾಯುತ್ತದೆ. ನೋಡು, ದೀಪದ ಮಾತು ಎತ್ತಿದರೂ ನಾನು ಮತ್ತೆ ಲಿವರಿಗೇ ಬಂದೆ.

ಆಯಿಲ್ ಬದಲಿಸುವುದಾದರೆ ಸೀಲು ಒಡೆಯದ ಬಾಟಲಿಯನ್ನೇ ತಾ. ಯಾವ ಡಾಟ್ ಎಂಬುದು ಲಿವರಿನ ಬಳಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ. ಬ್ಲೀಡಿಂಗ್, ಅಂದರೆ ಪೈಪಿನ ಗಾಳಿಯನ್ನೂ ಹಳೆಯ ಆಯಿಲನ್ನೂ ಹೊರಗೆ ತೆಗೆಯುವ ಕೆಲಸ, ಮಾಡುವಾಗ ಡಬ್ಬಿ ಬರಿದಾದರೆ ಗಾಳಿ ಮತ್ತೆ ಹೊಗುತ್ತದೆ. ಇಷ್ಟೆಲ್ಲ ಬರೆದೆನಾದರೂ ಇದನ್ನು ನೀನೊಬ್ಬನೇ ಮೊದಲ ಸಲ ಮಾಡುವುದು ನನಗೆ ಇಷ್ಟವಿಲ್ಲ. ಗದಗಿನಿಂದ ಅದನ್ನು ಓಡಿಸಿಕೊಂಡು ಬರಬೇಡ, ಟಾಟಾ ಏಸಿನಲ್ಲಿ ಹೇರಿಕೊಂಡು ಬಾ. ಬಾಡಿಗೆ ನಾನು ಕೊಡುತ್ತೇನೆ, ಪಾನಾಗಳು ಇಲ್ಲಿಯೇ ಇವೆ.

ಇಂತಿ,
ನಿನ್ನ ಕಾಕಾ