‘ರಾಜಾಜಿನಗರದ ಹತ್ರ’

ಪುಟ್ಟಿ,

ಫೋನಿನಲ್ಲಿ ಹೇಳೋಕೆ ಹೋದರೆ ‘ಅಮ್ಮಾ, ಮೀಟಿಂಗ್ ಇದೆ’ ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಬೆಳಗಿನಿಂದ ಕರೆಂಟ್ ಇಲ್ಲ, ಮೆಷಿನ್ ಸುಮ್ನೆ ಕೂತಿದೆ.

ದಾಸರಹಳ್ಳಿ ಮನೆ ಬೇಡ ಅಂದೆಯಂತೆ. ಎರಡು ರೂಮು, ಬಟ್ಟೆ ಒಣಗುವಷ್ಟು ಬಿಸಿಲು, ಮೆಟ್ರೋಗೆ ಐದು ನಿಮಿಷದ ನಡಿಗೆ, ಬಾಡಿಗೆ 17,000. ಮಲ್ಲೇಶ್ವರದ್ದು ಒಂದೇ ರೂಮು, 28,000. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತೆ ಅಂತ ನೀನೇ ನಕ್ಕೆ. ಎರಡೂ ಕಡೆ ಅದೇ ಹಸಿರು ಲೈನು. ಆದರೂ ಅದೇ ಬೇಕು. ಯಾಕೆ ಅಂದರೆ, ‘ಏರಿಯಾ ಚೆನ್ನಾಗಿದೆ ಅಮ್ಮ.’

ಈ ಮಾತು ನನಗೆ ಹೊಸದಲ್ಲ. ನಿನಗೆ ಕಲಿಸಿದವಳೇ ನಾನು. ನಿನ್ನನ್ನು ಶಾಲೆಗೆ ಸೇರಿಸಿದ ದಿನ ನಿನಗೆ ನೆನಪಿರಲ್ಲ. ನನ್ನ ಮುಂದೆ ಕೂತಿದ್ದ ಹೆಂಗಸನ್ನು ಮೇಡಂ ‘ಮನೆ ಎಲ್ಲಿ?’ ಅಂದರು. ಆಕೆ ‘ಲಗ್ಗೆರೆ’ ಅಂದಳು. ಮೇಡಂ ಏನೂ ಅನ್ನಲಿಲ್ಲ, ಬರೀ ಪೆನ್ನಿನ ಕ್ಯಾಪ್ ಹಾಕಿದರು. ಅಷ್ಟು ಸಾಕಾಯಿತು ನನಗೆ. ನನ್ನ ಸರದಿ ಬಂದಾಗ ‘ರಾಜಾಜಿನಗರದ ಹತ್ರ’ ಅಂದೆ. ಫಾರಂನಲ್ಲಿ ‘ಹತ್ರ’ ಅನ್ನೋದನ್ನೂ ಬಿಟ್ಟು ಬರೆದೆ. ಜೊತೆಗೆ ಕೊಟ್ಟ ರೇಷನ್ ಕಾರ್ಡ್ ಜೆರಾಕ್ಸಲ್ಲಿ ಲಗ್ಗೆರೆ ಅಂತಲೇ ಇತ್ತು. ಮೇಡಂ ಎರಡನ್ನೂ ನೋಡಿದರು, ಒಂದರ ಕೆಳಗೆ ಒಂದಿಟ್ಟು ಪಿನ್ ಹೊಡೆದರು. ನಿನಗೆ ಸೀಟು ಸಿಕ್ಕಿತು. ನನಗೆ ಮನೆ ತನಕ ಕಿವಿ ಬಿಸಿಯಾಗೇ ಇತ್ತು.

ಆಮೇಲೆ ನೀನೂ ಕಾಲೇಜಿಂದ ಬರುವಾಗ ಫ್ರೆಂಡ್ಸ್ ಕಾರನ್ನು ರಿಂಗ್ ರೋಡಲ್ಲೇ ನಿಲ್ಲಿಸಿ ಇಳಿಯುತ್ತಿದ್ದೆ. ಗಲ್ಲಿಯೊಳಗೆ ಕಾರು ಬರಲ್ಲ ಅಂತ ನನಗೆ ಹೇಳುತ್ತಿದ್ದೆ. ನೀರಿನ ಟ್ಯಾಂಕರ್ ಬರುವ ಗಲ್ಲಿ ಅದು, ಕಾರು ಬರಲ್ವಾ? ಯಾರಾದರೂ ವಿಳಾಸ ಕೇಳಿದರೆ ‘ಅಣ್ಣಾವ್ರ ಸಮಾಧಿ ಹತ್ರ’ ಅನ್ನೋದನ್ನೂ ನೀನೇ ಕಂಡುಹಿಡಿದೆ. ಅದು ಒಳ್ಳೇ ಉಪಾಯ, ಬಿಡು. ಅಣ್ಣಾವ್ರ ಹೆಸರು ಹೇಳಿದರೆ ಯಾರೂ ಮುಖ ಸಿಂಡರಿಸಲ್ಲ. ನಾನೂ ಅದನ್ನೇ ಹೇಳ್ತೀನಿ ಈಗ.

ತಮಾಷೆ ಏನು ಗೊತ್ತಾ? ನಾವು ಇಷ್ಟು ಆಸೆಪಟ್ಟು ಹೆಸರು ಕದ್ದ ಆ ರಾಜಾಜಿನಗರ ಶುರುವಾಗಿದ್ದೇ ಕಾರ್ಖಾನೆಗಳಿಗಾಗಿ, ಅಲ್ಲಿ ದುಡಿಯುವವರಿಗಾಗಿ. 1949ರಲ್ಲಿ ಅಡಿಗಲ್ಲು ಹಾಕಿದರು. ಇಂಡಸ್ಟ್ರಿಯಲ್ ಟೌನ್ ಅನ್ನೋ ಹೆಸರು ಇವತ್ತಿಗೂ ಅಲ್ಲಿದೆ. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಮೊಣಕಾಲು ಸವೆಸಿದ ನಿಮ್ಮಪ್ಪನಂಥವರಿಗೆ ಅಂತಲೇ ಇದ್ದ ಜಾಗ. ಒಂದು ಎಪ್ಪತ್ತು ವರ್ಷ ಕಳೆದರೆ ಲಗ್ಗೆರೆಗೂ ಮರ್ಯಾದೆ ಬರಬಹುದು. ಆಗ ಬಾಡಿಗೆ ಕೊಡೋಕೆ ನಮ್ಮಂಥವರ ಕೈಲಾಗಲ್ಲ, ಅಷ್ಟೇ.

ಮಲ್ಲೇಶ್ವರದ ವಿಷಯಕ್ಕೆ ಬರ್ತೀನಿ. ಅಲ್ಲಿ ನನಗೆ ಹಳೇ ಗಿರಾಕಿಗಳಿದ್ದಾರೆ, ಬ್ಲೌಸ್ ಕೊಡೋಕೆ ಎಷ್ಟು ಸಲ ಹೋಗಿದ್ದೀನೋ. ಚೆಂದದ ಜಾಗ. ಎಂಟನೇ ಕ್ರಾಸಿನ ಹೂವು, ಆ ಮರಗಳು, ನನಗೂ ಇಷ್ಟ. 1898ರಲ್ಲಿ ಪ್ಲೇಗ್ ಬಂದು ಪೇಟೆಯಲ್ಲಿ ಜನ ಸತ್ತ ಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದವಂತೆ. ಆಗ ಅದು ಊರಾಚೆ. ‘ಮನೆ ಹಿಂದೆ ಕಿರುಓಣಿ ಇದೆ, ಸ್ಕೂಟರ್ ನಿಲ್ಲಿಸಬಹುದು’ ಅಂದೆಯಲ್ಲ, ಅದಕ್ಕೆ ಕನ್ಸರ್ವೆನ್ಸಿ ಲೇನ್ ಅಂತಾರೆ. ಹಿತ್ತಲ ಕಕ್ಕಸಿನ ಮಲ ಹೊರುವವರು ಹಿಂದಿನಿಂದಲೇ ಬಂದು ಹೋಗಲಿ ಅಂತ ಮಾಡಿದ ಓಣಿ. ನನ್ನ ಗಿರಾಕಿ ಅಜ್ಜಿಯೊಬ್ಬರೇ ಕಾಫಿ ಕೊಟ್ಟು ಹೇಳಿದ್ದು. ಕಾಫಿ ಸ್ಟೀಲ್ ಲೋಟದಲ್ಲೇ ಕೊಟ್ಟರು. ಆ ಲೋಟ ಮಾತ್ರ ಯಾವಾಗಲೂ ಕಿಟಕಿ ಮೇಲೆ ಬೇರೆ ಇರುತ್ತಿತ್ತು. ಒಳ್ಳೆಯವರೇ. ಕೂಲಿಗೆ ಚೌಕಾಸಿ ಮಾಡಿದವರಲ್ಲ.

ನಾನೇನು ಸಾಚಾ ಅಂತ ತಿಳ್ಕೋಬೇಡ. ನಮ್ಮ ಬೀದಿ ಕೊನೆಯ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದರಲ್ಲ, ರಾಯಚೂರು ಕಡೆಯ ಗಾರೆ ಕೆಲಸದವರು. ಅವರ ಹುಡುಗಿ ಜೊತೆ ನೀನು ಕುಂಟೆಬಿಲ್ಲೆ ಆಡುತ್ತಿದ್ದೆ. ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ‘ಅವರ ಜೊತೆ ಸೇರಬೇಡ’ ಅಂದೆ. ‘ಅವರು’ ಅಂದರೆ ಯಾರು ಅಂತ ನೀನು ಕೇಳಿದೆ. ನಾನು ಉತ್ತರ ಕೊಡಲಿಲ್ಲ, ತಲೆ ಬಾಚಿದೆ.

ಈಗ ನನ್ನ ನಿದ್ದೆ ಕೆಡಿಸಿದ್ದು ಬಾಡಿಗೆ ಅಲ್ಲ. ಆ ಓನರ್ ‘ನೀವು ಯಾವ ಜನ, ನಾನ್‌ವೆಜ್ ಮಾಡ್ತೀರಾ’ ಅಂದಾಗ ನೀನು ‘ಇಲ್ಲ ಆಂಟಿ, ನಾವು ತಿನ್ನಲ್ಲ’ ಅಂದೆಯಂತೆ. ಅಳಿಯಂದಿರು ನಗುತ್ತಾ ಹೇಳಿದರು. ಹಿಂದಿನ ಭಾನುವಾರ ನನ್ನ ಕೈಲಿ ಎರಡು ಸಲ ಕೋಳಿ ಸಾರು ಬಡಿಸಿಕೊಂಡು ಹೋದವಳು ನೀನು. ನಾನು ಒಂದು ಫಾರಂನಲ್ಲಿ ಸುಳ್ಳು ಬರೆದೆ, ಅಲ್ಲಿಗೆ ಮುಗಿಯಿತು. ನೀನು ಆ ಮನೆಯಲ್ಲಿ ದಿನಾ ಒಲೆ ಹಚ್ಚಬೇಕು. ಮೀನು ತಂದರೆ ಕವರ್ ಬಚ್ಚಿಡಬೇಕು, ಕುಕ್ಕರ್ ಕೂಗಿದರೆ ಕಿಟಕಿ ಮುಚ್ಚಬೇಕು. ನಾನು ಬಂದಾಗ ‘ಅಮ್ಮಾ, ಆಂಟಿ ಹತ್ರ ಜಾಸ್ತಿ ಮಾತಾಡಬೇಡ’ ಅಂತೀಯ. ಅಂದೇ ಅಂತೀಯ, ನನಗೆ ಗೊತ್ತು.

ದಾಸರಹಳ್ಳಿಗೇ ಹೋಗು ಅಂತ ಹಟ ಮಾಡಲ್ಲ. ಬಾಡಿಗೆ ಕಟ್ಟೋರು ನೀವು. ಮಲ್ಲೇಶ್ವರವೇ ಆದರೆ ಆಂಟಿಗೆ ಫೋನ್ ಮಾಡಿ ಒಂದು ಮಾತು ಹೇಳು, ತಿನ್ತೀವಿ ಅಂತ. ಒಪ್ಪಿದರೆ ನಾನೇ ಬಂದು ಹಾಲು ಉಕ್ಕಿಸ್ತೀನಿ. ಒಪ್ಪದಿದ್ದರೆ ಬೇರೆ ನೋಡೋಣ. ಆ ಬೀದಿಯಲ್ಲಿ ಅದೊಂದೇ ಮನೆ ಅಲ್ವಲ್ಲ.

ಆರು ತಿಂಗಳ ಅಡ್ವಾನ್ಸ್ ಕೇಳಿದ್ದಾರೆ ಅಂದೆ. ಎಷ್ಟು ಕಡಿಮೆ ಬಿತ್ತು ಹೇಳು. ಈ ತಿಂಗಳು ನಮ್ಮ ಬೀದಿ ಚೀಟಿ ನನಗೇ ಬಂದಿದೆ.

ನಿನ್ನ
ಅಮ್ಮ